ಪಿಸ್ತೂಲನ್ನು ಜೇಬಿಗಿಳಿಸಿದ ಬ್ರೌನಿಂಗ್

ಮೊನ್ನೆ ಸಂಜೆ ಹಳ್ಳಿಮೈಸೂರಿನ ವ್ಯಾಪಾರಿ ಮಿತ್ರರೊಬ್ಬರು ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಒಂದು ವಿಷಯ ಕೇಳಿದರು. ಜೇಬಿನಲ್ಲಿಟ್ಟರೆ ಯಾರ ಕಣ್ಣಿಗೂ ಬೀಳದಂಥ ಸಣ್ಣ ಪಿಸ್ತೂಲೊಂದನ್ನು ತಗೋಬೇಕು, ಯಾವುದಾದೀತು ಅಂತ. ಶುಂಠಿ, ಆಲೂಗೆಡ್ಡೆ ಕಾಲದಲ್ಲಿ ಅವರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಹೋಗಿ ರಾತ್ರಿ ಕಡೇ ಬಸ್ಸಿಗೆ ವಾಪಸ್ಸು ಬರುವುದುಂಟು. ಭಯ ಸುಳ್ಳಲ್ಲ. 2024ರ ಜೂನ್‌ನಲ್ಲಿ ಹಾಸನ ನಗರದಲ್ಲೇ ಪಿಸ್ತೂಲಿನಿಂದ ಗುಂಡು ಹಾರಿ ಇಬ್ಬರು ಸತ್ತ ಮೇಲೆ ಇಂಥ ಮಾತು ಅಂಗಡಿಬೀದಿಯಲ್ಲಿ ಆಗಾಗ್ಗೆ ಕೇಳುತ್ತಿರುತ್ತೆ.

ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಯಾಕೆಂದರೆ ಜೇಬಿನ ಪಿಸ್ತೂಲು ಅಂತ ಏನನ್ನು ಹಿಡಿದರೂ ಬಹುಪಾಲು ಅದರ ಹಿಂದೆ ಒಬ್ಬನೇ ಆಸಾಮಿ ನಿಂತಿರುತ್ತಾನೆ. ಹೆಸರು ಜಾನ್ ಮೋಸೆಸ್ ಬ್ರೌನಿಂಗ್. ಅಮೆರಿಕದವನು. ಸತ್ತು ಸುಮಾರು ನೂರು ವರ್ಷವಾಯಿತು. ಹಾಸನದ ಲೈಸೆನ್ಸ್ ಪುಸ್ತಕದಲ್ಲಿ ಪಾಯಿಂಟ್ 32 ಪಿಸ್ತೂಲು ಅಂತ ಗುಮಾಸ್ತ ಬರೆಯುವಾಗಲೂ ಆ ಪುಣ್ಯಾತ್ಮನ ಲೆಕ್ಕವನ್ನೇ ಬರೆಯುತ್ತಿರುತ್ತಾನೆ. ಅವನ ಕತೆ ತಿಳಿದರೆ ನಮ್ಮ ಮಿತ್ರರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಬ್ರೌನಿಂಗ್ ಹುಟ್ಟಿದ್ದು 1855ರ ಜನವರಿ 23ರಂದು, ಯೂಟಾ ಪ್ರಾಂತದ ಓಗ್ಡನ್ ಊರಿನಲ್ಲಿ. ಉಪ್ಪಿನ ಸರೋವರದ ಕಡೆಯ ಒಣಸೀಮೆ. ಅಲ್ಲಿ ನೆಲೆಯೂರಿದವರು ಮಾರ್ಮನ್ ಪಂಥದವರು. ಅಪ್ಪ ಜೊನಾಥನ್ ಬಂದೂಕು ರಿಪೇರಿಯ ಕಮ್ಮಾರ. ಮೂವರು ಹೆಂಡಿರು, ಇಪ್ಪತ್ತೆರಡು ಮಕ್ಕಳು. ಅಷ್ಟು ಬಾಯಿಗೆ ಅನ್ನ ಹಾಕಲು ಬರೀ ಬಂದೂಕು ಸಾಲದೆ ಚರ್ಮದ ಕೆಲಸ, ಕಬ್ಬಿಣದ ಕೆಲಸ ಎಲ್ಲವನ್ನೂ ಮಾಡುತ್ತಿದ್ದ. ಹುಡುಗ ಬೆಳೆದದ್ದೇ ಕುಲುಮೆಯ ಮಗ್ಗುಲಲ್ಲಿ, ಗುಜರಿ ರಾಶಿಯ ನಡುವೆ. ಹತ್ತು ವರ್ಷಕ್ಕೆಲ್ಲ ಮುರುಕು ನಳಿಗೆಯೊಂದನ್ನು ಮರದ ತುಂಡಿಗೆ ಕಟ್ಟಿ ತಾನೇ ಒಂದು ಬಂದೂಕು ಮಾಡಿ, ತಮ್ಮ ಮ್ಯಾಟ್‌ನ ಜೊತೆ ಹೋಗಿ ಹಕ್ಕಿ ಹೊಡೆದು ತಂದ ಅಂತ ಹೇಳುತ್ತಾರೆ. ಅಪ್ಪ ಬೆನ್ನು ತಟ್ಟಲಿಲ್ಲವಂತೆ. ಕೆಲಸ ಒರಟಾಗಿದೆ ಅಂತ ಗೊಣಗಿದನಂತೆ.

ಹುಡುಗನಿಗೆ ಆ ವಯಸ್ಸಿದ್ದಾಗ ದೇಶದ ಇನ್ನೊಂದು ತುದಿಯಲ್ಲಿ ದೊಡ್ಡ ಅನಾಹುತವಾಯಿತು. 1865ರ ಏಪ್ರಿಲ್ 14ರ ರಾತ್ರಿ ಅಧ್ಯಕ್ಷ ಲಿಂಕನ್ನರನ್ನು ನಾಟಕ ಮಂದಿರದಲ್ಲಿ ಹಿಂದಿನಿಂದ ಬಂದವನೊಬ್ಬ ಹೊಡೆದ. ಅವನ ಕೈಯಲ್ಲಿದ್ದದ್ದು ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಮಾಡಿದ ಅಂಗೈಯಗಲದ ಪಿಸ್ತೂಲು. ಅದರಲ್ಲಿ ಇದ್ದದ್ದು ಒಂದೇ ಗುಂಡು. ಆ ಕಾಲದಲ್ಲಿ ಬಚ್ಚಿಡುವ ಆಯುಧ ಬೇಕೆಂದರೆ ಹೀಗೇ. ಚಿಕ್ಕದು ಬೇಕಿದ್ದರೆ ಒಂದೋ ಎರಡೋ ಗುಂಡು. ಹೆಚ್ಚು ಗುಂಡು ಬೇಕಿದ್ದರೆ ರಿವಾಲ್ವರು, ಅದರ ಉರುಳೆ ಹೊಟ್ಟೆ ಉಬ್ಬಿಸಿಕೊಂಡು ಅಂಗಿಯ ಮೇಲೆ ಎದ್ದು ಕಾಣೋದು. ಈ ಗಂಟನ್ನು ಬಿಚ್ಚಿದವನು ಬ್ರೌನಿಂಗ್. ಅದಕ್ಕೆ ಇನ್ನೂ ಮೂವತ್ತು ವರ್ಷ ಹಿಡಿಯಿತು.

1879 ಅವನ ಬಾಳಿನಲ್ಲಿ ಗದ್ದಲದ ವರ್ಷ. ಮದುವೆಯಾಯಿತು, ಅಪ್ಪ ತೀರಿಕೊಂಡ, ಮೊದಲ ಪೇಟೆಂಟೂ ಸಿಕ್ಕಿತು. ಅದು ಒಂಟಿ ಗುಂಡಿನ ರೈಫಲ್. ಅಣ್ಣತಮ್ಮಂದಿರು ಸೇರಿ ಓಗ್ಡನ್‌ನಲ್ಲಿ ಸಣ್ಣ ಕಾರ್ಖಾನೆ ಹಾಕಿದರು. ಆ ರೈಫಲೊಂದು ಹೇಗೋ ವಿಂಚೆಸ್ಟರ್ ಕಂಪನಿಯ ಏಜೆಂಟನ ಕಣ್ಣಿಗೆ ಬಿತ್ತು. 1883ರಲ್ಲಿ ಕಂಪನಿಯ ಮ್ಯಾನೇಜರ್ ಬೆನೆಟ್ ಎಂಬಾತನೇ ರೈಲು ಹತ್ತಿ ಆ ದೂರದ ಊರಿಗೆ ಬಂದು 8,000 ಡಾಲರ್ ಕೊಟ್ಟು ಹಕ್ಕು ಕೊಂಡುಹೋದ. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಬ್ರೌನಿಂಗ್ ಬಂದೂಕು ಯೋಚಿಸುವುದು, ವಿಂಚೆಸ್ಟರ್ ಕೊಳ್ಳುವುದು, ಹೀಗೆ ನಡೆಯಿತು. ನಡುವೆ 1887ರಿಂದ ಎರಡು ವರ್ಷ ಕಸುಬನ್ನೇ ಬಿಟ್ಟು ಜಾರ್ಜಿಯಾದ ಊರೂರು ತಿರುಗಿ ತನ್ನ ಪಂಥದ ಪ್ರಚಾರ ಮಾಡಿಬಂದ. ದೈವಭಕ್ತ, ಸಂಸಾರಸ್ಥ, ಮಾತು ಕಮ್ಮಿ. ತೀರಿಕೊಳ್ಳುವ ಹೊತ್ತಿಗೆ ಅವನ ಹೆಸರಿನಲ್ಲಿ 128 ಪೇಟೆಂಟುಗಳಿದ್ದವು.

ವಾಪಸ್ಸು ಬಂದ ವರ್ಷವೇ ಒಂದು ಪ್ರಸಂಗ ನಡೆಯಿತು. ಗುರಿ ಹೊಡೆಯುವ ಮೈದಾನದಲ್ಲಿ ಗುಂಡು ಹಾರಿದಾಗಲೆಲ್ಲ ನಳಿಗೆಯ ಬಾಯಿಂದ ಬರುವ ಗಾಳಿಗೆ ಮುಂದಿನ ಜೊಂಡು ಬಾಗುವುದನ್ನು ಅವನು ನೋಡಿದ. ಎಲ್ಲರೂ ನೋಡಿದ್ದೇ ಅದು. ಆ ಗಾಳಿ ದಂಡಕ್ಕೆ ಹೋಗುತ್ತಿದೆಯಲ್ಲ, ಅದನ್ನೇ ಮುಂದಿನ ತೋಟಾ ತುಂಬುವ ಕೆಲಸಕ್ಕೆ ಹಚ್ಚಿದರೆ ಹೇಗೆ ಅಂತ ಅವನಿಗೆ ಹೊಳೆಯಿತು. ಅದರಿಂದ ಮೊದಲು ಮೆಷಿನ್‌ಗನ್ ಬಂತು. ಆಮೇಲೆ ಅದೇ ಜಾಡಿನ ಯೋಚನೆ ಪಿಸ್ತೂಲಿಗೆ ಇಳಿಯಿತು.

ಜೇಬಿನ ಪಿಸ್ತೂಲಿನಲ್ಲಿ ಅವನು ಮಾಡಿದ್ದು ಇಷ್ಟು. ನಳಿಗೆಯ ಮೇಲೆ ಒಂದು ಉಕ್ಕಿನ ಕವಚ. ಗುಂಡು ಮುಂದಕ್ಕೆ ಹೋದಾಗ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತಕ್ಕೆ ಕವಚ ಹಿಂದಕ್ಕೆ ಜಾರಿ ಖಾಲಿ ತೋಟಾವನ್ನು ಉಗುಳುತ್ತದೆ. ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳುವಾಗ ಹಿಡಿಯೊಳಗಿನ ಪೆಟ್ಟಿಗೆಯಿಂದ ಹೊಸ ತೋಟಾ ಮೇಲೇರುತ್ತದೆ. ತೋಟಾಗಳೆಲ್ಲ ಹಿಡಿಯ ಒಳಗೇ ಒಂದರ ಮೇಲೊಂದು ಕೂತದ್ದರಿಂದ ರಿವಾಲ್ವರಿನ ಉಬ್ಬುಹೊಟ್ಟೆ ಹೋಯಿತು. ಪಿಸ್ತೂಲು ಪುಸ್ತಕದ ಹಾಗೆ ಚಪ್ಪಟೆಯಾಯಿತು. ನಮಗೆ ಈಗ ಇದು ಸಾಮಾನ್ಯ. ಆಗ ಕಂಡವರಿಗೆ ಬೆರಗು.

ಈ ಪಿಸ್ತೂಲಿಗೆ ಗಿರಾಕಿ ಸಿಕ್ಕಿದ್ದು ಬೆಲ್ಜಿಯಂನಲ್ಲಿ. ಲೀಜ್ ಪಟ್ಟಣದ ಪಕ್ಕ ಹೆರ್ಸ್ಟಾಲ್ ಎಂಬಲ್ಲಿ 1889ರಲ್ಲಿ ಎಫ್.ಎನ್. ಎಂಬ ಕಾರ್ಖಾನೆ ಎದ್ದಿತ್ತು. 1897ರಲ್ಲಿ ಅದರ ವ್ಯಾಪಾರ ಪ್ರತಿನಿಧಿ ಅಮೆರಿಕಕ್ಕೆ ಬಂದಿದ್ದಾಗ ಬ್ರೌನಿಂಗನ ಮಾದರಿ ನೋಡಿ ಒಪ್ಪಂದ ಮಾಡಿಕೊಂಡ. ಅದಕ್ಕೆಂದೇ ಬ್ರೌನಿಂಗ್ 7.65 ಮಿಲಿಮೀಟರ್ ತೋಟಾ ರೂಪಿಸಿದ. ಅದನ್ನೇ ಇಂಗ್ಲಿಷ್ ಲೆಕ್ಕದಲ್ಲಿ ಪಾಯಿಂಟ್ 32 ಅನ್ನೋದು. 1900ರ ಈ ಪಿಸ್ತೂಲು ಯೂರೋಪಿನಲ್ಲಿ ಎಷ್ಟು ಓಡಿತೆಂದರೆ, ಫ್ರೆಂಚರ ಬಾಯಲ್ಲಿ ಪಿಸ್ತೂಲಿಗೇ ಬ್ರೌನಿಂಗ್ ಅಂತ ಹೆಸರಾಯಿತು. ವನಸ್ಪತಿ ಡಬ್ಬ ಯಾವುದಾದರೂ ನಾವು ಡಾಲ್ಡಾ ಅನ್ನೋದಿಲ್ಲವೇ, ಹಾಗೆ.

1902ರಲ್ಲಿ ಗೌರವಧನದ ವಿಷಯಕ್ಕೆ ವಿಂಚೆಸ್ಟರ್ ಜೊತೆ ಜಗಳವಾಗಿ ಕಡಿದುಹೋಯಿತು. ಅಮೆರಿಕದಲ್ಲಿ ಅವನ ಪಿಸ್ತೂಲುಗಳನ್ನು ಕೋಲ್ಟ್ ಕಂಪನಿ ಮಾಡುತ್ತಿತ್ತು. 1903ರಲ್ಲಿ ಅಲ್ಲಿಂದ ಹೊರಬಂದ ಪಾಯಿಂಟ್ 32 ಪಿಸ್ತೂಲನ್ನು ನಮ್ಮವರು ಚೆನ್ನಾಗಿ ಬಲ್ಲರು, ಹೆಸರು ಗೊತ್ತಿಲ್ಲದಿದ್ದರೂ. 1931ರ ಫೆಬ್ರವರಿ 27ರಂದು ಅಲಹಾಬಾದಿನ ಪಾರ್ಕಿನಲ್ಲಿ ಚಂದ್ರಶೇಖರ ಆಜಾದರು ಪೊಲೀಸರ ಎದುರು ಕಡೇ ಗುಂಡಿನವರೆಗೆ ಹಿಡಿದು ನಿಂತದ್ದು ಅದನ್ನೇ. ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಈ ಮಾದರಿಯಲ್ಲಿ ಬ್ರೌನಿಂಗ್ ಕುದುರೆಯನ್ನು, ಅಂದರೆ ತೋಟಾಕ್ಕೆ ಬಡಿಯುವ ಸುತ್ತಿಗೆಯನ್ನು, ಕವಚದ ಒಳಗೆ ಅಡಗಿಸಿದ. ಕೋಟಿನ ಜೇಬಿಂದ ಎಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಬಾರದು ನೋಡಿ. ಹಿಡಿಯ ಹಿಂಬದಿಯಲ್ಲಿ ಒಂದು ಒತ್ತುಪಟ್ಟಿ ಇಟ್ಟ. ಮುಷ್ಟಿಯಲ್ಲಿ ಗಟ್ಟಿ ಹಿಡಿದಾಗಷ್ಟೇ ಗುಂಡು ಹಾರಬೇಕು, ಜೇಬಿನಲ್ಲಿ ತಾನಾಗಿ ಹಾರಬಾರದು ಅಂತ.

ಇನ್ನೂ ಚಿಕ್ಕದು ಮಾಡಲು ಹೊರಟು 1906ರಲ್ಲಿ ಅವನು ಕೊಟ್ಟದ್ದೇ ಪಾಯಿಂಟ್ 25 ಬೋರಿನ ಕೂಸು. ಉದ್ದ ಸುಮಾರು 11 ಸೆಂಟಿಮೀಟರ್, ಎರಡು ಬೆಂಕಿಪೊಟ್ಟಣ ಉದ್ದಕ್ಕೆ ಜೋಡಿಸಿದರೆ ಆಗುವಷ್ಟು. ತೂಕ ಸುಮಾರು 370 ಗ್ರಾಂ. ಪೆಟ್ಟಿಗೆಯಲ್ಲಿ ಆರು ತೋಟಾ. ಆಗ ಪಾಯಿಂಟ್ 22 ತೋಟಾ ಇದ್ದೇ ಇತ್ತು. ಆದರೆ ಅದರ ಬುಡದ ಅಂಚು ಪೆಟ್ಟಿಗೆಯಲ್ಲಿ ಒಂದಕ್ಕೊಂದು ತಗುಲಿ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ ಹೊಸ ತೋಟಾ ಮಾಡಿದ. ಹತ್ತು ಲಕ್ಷಕ್ಕೂ ಮೇಲೆ ಖರ್ಚಾಯಿತು ಈ ಪುಟಾಣಿ. ಕೋಟಿನ ಒಳಜೇಬಿನಲ್ಲಿ, ಹೆಂಗಸರ ಕೈಚೀಲದಲ್ಲಿ ಓಡಾಡಿತು.

ಆದರೆ ಚಿಕ್ಕದು ಮಾಡಿದ್ದಕ್ಕೆ ಬೆಲೆ ತೆರಬೇಕಾಯಿತು, ಅದು ಬ್ರೌನಿಂಗಿಗೆ ಗೊತ್ತಿತ್ತು. ಅವನೇ 1911ರಲ್ಲಿ ಅಮೆರಿಕದ ಸೈನ್ಯಕ್ಕೆ ಕೊಟ್ಟ ಪಾಯಿಂಟ್ 45 ಪಿಸ್ತೂಲಿನ ಗುಂಡು ಸುಮಾರು 15 ಗ್ರಾಂ. ಪಾಯಿಂಟ್ 32ರ ಗುಂಡು ಐದು ಗ್ರಾಂ ಕೂಡ ಇಲ್ಲ. ಪಾಯಿಂಟ್ 25ರದ್ದು ಮೂರು ಗ್ರಾಂ ಚಿಲ್ಲರೆ. ಸೈನ್ಯದ ಪಿಸ್ತೂಲು ಒಂದು ಕೆಜಿ ದಾಟಿತ್ತು, ಅದನ್ನು ಯಾರೂ ಜೇಬಿಗೆ ಹಾಕಲಾರರು. ಜೇಬಿಗೆ ಬರುವುದು ಪೆಟ್ಟಿನಲ್ಲಿ ಕಮ್ಮಿ. ಮೇಲಾಗಿ ಹಿಡಿ ಗಿಡ್ಡ, ಎರಡು ಬೆರಳಿಗೆ ಮಾತ್ರ ಜಾಗ. ನಳಿಗೆ ಮೋಟು. ಹತ್ತು ಹೆಜ್ಜೆ ದೂರದ ಗುರಿಗೂ ಕೈ ಪಳಗಿರಬೇಕು. ಎಷ್ಟು ಚೆನ್ನಾಗಿ ಅಡಗುತ್ತದೋ ಹೊಡೆಯುವುದು ಅಷ್ಟೇ ಕಷ್ಟ.

ಹಳ್ಳಿಮೈಸೂರಿನ ಮಿತ್ರರಿಗೆ ನಾನು ಹೇಳಿದ್ದೂ ಇದನ್ನೇ. ನಮ್ಮ ಕಾನೂನಿನಲ್ಲಿ 9 ಮಿಲಿಮೀಟರ್ ಪಿಸ್ತೂಲು ಸಾಮಾನ್ಯ ಜನಕ್ಕಿಲ್ಲ. ಉಳಿದದ್ದು ಪಾಯಿಂಟ್ 32, 25, 22. 1980ರ ದಶಕದಲ್ಲಿ ವಿದೇಶೀ ಆಮದಿಗೆ ತಡೆ ಬಿದ್ದ ಮೇಲೆ ಬ್ರೌನಿಂಗನ ಕಾಲದ ಹಳೇ ಕೋಲ್ಟು, ಎಫ್.ಎನ್. ಪಿಸ್ತೂಲುಗಳು ಕೈಯಿಂದ ಕೈಗೆ ದುಬಾರಿ ಬೆಲೆಗೆ ದಾಟುತ್ತವೆ. ಸ್ಪ್ರಿಂಗು ಸವೆದು, ಒತ್ತುಪಟ್ಟಿ ಸಡಿಲಾದ ಮಾಲನ್ನು ಹೊಳಪು ಕೊಟ್ಟು ತೋರಿಸಿದರೆ ಮರುಳಾಗಬಾರದು. ದೇಶೀ ಮಾಲಿನಲ್ಲಿ ಕಾನ್ಪುರದ ಸರ್ಕಾರೀ ಕಾರ್ಖಾನೆಯ ಪಾಯಿಂಟ್ 32 ರಿವಾಲ್ವರು ಉಂಟು. 2014ರಲ್ಲಿ ಅದೇ ಕಾರ್ಖಾನೆ ಹೆಂಗಸರ ರಕ್ಷಣೆಗೆಂದು ನಿರ್ಭೀಕ್ ಎಂಬ ಹಗುರ ರಿವಾಲ್ವರು ತಂದಿತು. ತೂಕ ಸರಿಯಾಗಿ 500 ಗ್ರಾಂ, ಆಗಿನ ಬೆಲೆ 1 ಲಕ್ಷ 22 ಸಾವಿರ ಮೇಲ್ಪಟ್ಟು. ಅರ್ಧ ಕೆಜಿ ತೂಕದ ಬಟ್ಟನ್ನು ಜುಬ್ಬಾ ಜೇಬಿಗೆ ಹಾಕಿಕೊಂಡು ಒಂದು ದಿನ ಓಡಾಡಿ ನೋಡಿ ಅಂದೆ. ಅವರು ಅಲ್ಲೇ ಹಾಕಿ ನೋಡಿದರು. ಜುಬ್ಬಾ ಒಂದು ಕಡೆಗೆ ವಾಲಿತು. ಕಾಣಬಾರದ್ದು ಊರಿಗೆಲ್ಲ ಕಾಣುವಂತಾಯಿತು.

ಇನ್ನೊಂದು ಮಾತು, ಇದು ಕೊಂಡವರೇ ಎಷ್ಟೋ ಜನಕ್ಕೆ ತಿಳಿಯದು. ಪಾಯಿಂಟ್ 32 ರಿವಾಲ್ವರಿನ ತೋಟಾವೇ ಬೇರೆ, ಬ್ರೌನಿಂಗನ ಪಾಯಿಂಟ್ 32 ಪಿಸ್ತೂಲಿನ ತೋಟಾವೇ ಬೇರೆ. ನಂಬರು ಒಂದೇ ಅಂತ ಒಂದರದ್ದನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ.

ಕಾನೂನೂ ಜೇಬನ್ನು ಒಪ್ಪುವುದಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಕೈಬಂದೂಕನ್ನು ಸಾರ್ವಜನಿಕ ಜಾಗದಲ್ಲಿ ಒಯ್ಯುವವನು ಹೋಲ್‌ಸ್ಟರ್ ಅಥವಾ ಅಂಥ ಚೀಲದಲ್ಲಿಟ್ಟು, ತನ್ನ ಹಿಡಿತದಲ್ಲಿ ಇಟ್ಟುಕೊಂಡಿರಬೇಕು. ಝಳಪಿಸಿದರೆ ಲೈಸೆನ್ಸಿಗೇ ಕುತ್ತು. ಅರ್ಜಿ ಹಾಸನದ ಜಿಲ್ಲಾಧಿಕಾರಿಗೆ ಹೋಗಬೇಕು, ಪೊಲೀಸ್ ವರದಿ ಬರಬೇಕು, ಯಾಕೆ ಬೇಕು ಅಂತ ಕಾರಣ ಕಾಣಿಸಬೇಕು, ಬಳಸುವ ತರಬೇತಿಯ ಸರ್ಟಿಫಿಕೇಟು ಬೇಕು. ಪಕ್ಕದ ಕೊಡಗಿನವರಿಗೆ ಲೈಸೆನ್ಸಿನ ವಿನಾಯಿತಿ ಇದೆಯಲ್ಲ ಅಂತ ಮಿತ್ರರು ತಕರಾರು ತೆಗೆದರು. ಇದೆ, ಬ್ರಿಟಿಷರ ಕಾಲದಿಂದ ಬಂದದ್ದು, ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಅದು ಕೊಡವರಿಗೆ ಮತ್ತು ಜಮ್ಮಾ ಭೂಮಿಯವರಿಗೆ. ಅರಕಲಗೂಡಿನ ಗಡಿ ದಾಟಿ ಈಚೆ ಬರುವುದಿಲ್ಲ. ಮೇಲಾಗಿ ಕೈಲ್‌ಪೊಳ್ದಿಗೆ ಹೂವಿಟ್ಟು ಪೂಜೆ ಮಾಡುವ ಕೋವಿ ಎಲ್ಲರಿಗೂ ಕಾಣುವ ಆಯುಧ. ಇವರು ಕೇಳುತ್ತಿರುವುದು ಕಾಣದ್ದನ್ನು.

ಕಡೇ ಬಸ್ಸಿನ ನೂಕುನುಗ್ಗಲಲ್ಲಿ ಜೇಬುಗಳ್ಳ ಪರ್ಸಿನ ಬದಲು ಪಿಸ್ತೂಲನ್ನೇ ಎಗರಿಸಿದರೆ? ಆಗ ದರೋಡೆಗೆ ಆಯುಧ ಒದಗಿಸಿದವರು ನೀವೇ ಆಗುತ್ತೀರಿ. ಮಿತ್ರರು ಇದಕ್ಕೆ ಏನೂ ಹೇಳಲಿಲ್ಲ.

ಬ್ರೌನಿಂಗಿನ ಕತೆಗೆ ಬರೋಣ. 1914ರ ಆರಂಭದಲ್ಲಿ ಹೆರ್ಸ್ಟಾಲ್ ಕಾರ್ಖಾನೆಯಲ್ಲಿ ದೊಡ್ಡ ಸಮಾರಂಭ. ಹತ್ತು ಲಕ್ಷ ಬ್ರೌನಿಂಗ್ ಪಿಸ್ತೂಲು ಮಾಡಿ ಮುಗಿಸಿದ ಸಂತೋಷ. ಬೆಲ್ಜಿಯಂನ ದೊರೆ ಅವನಿಗೆ ಲಿಯೋಪೋಲ್ಡ್ ಪದಕ ಕೊಟ್ಟ. ಕೆಲಸಗಾರರು ಅವನನ್ನು ಕರೆಯುತ್ತಿದ್ದುದೇ ಮೇಷ್ಟ್ರು ಅಂತ. ಅದೇ ವರ್ಷ ಜೂನ್ 28ರಂದು ಸರಾಯೆವೊ ಬೀದಿಯಲ್ಲಿ ಗಾವ್ರಿಲೊ ಪ್ರಿನ್ಸಿಪ್ ಎಂಬ ಹತ್ತೊಂಬತ್ತರ ಹುಡುಗ ಆಸ್ಟ್ರಿಯಾದ ಯುವರಾಜನನ್ನೂ ಅವನ ಹೆಂಡತಿಯನ್ನೂ ಎರಡು ಗುಂಡಿನಲ್ಲಿ ಮುಗಿಸಿದ. ಅವನು ಬಟ್ಟೆಯಲ್ಲಿ ಅಡಗಿಸಿಕೊಂಡು ಬಂದಿದ್ದದ್ದು ಹೆರ್ಸ್ಟಾಲಿನಲ್ಲೇ ತಯಾರಾದ 1910ರ ಮಾದರಿಯ ಬ್ರೌನಿಂಗ್. ಎರಡೇ ತಿಂಗಳೊಳಗೆ ಮಹಾಯುದ್ಧ ಹತ್ತಿಕೊಂಡಿತು. ಜರ್ಮನ್ ಸೈನ್ಯ ಲೀಜ್ ಪಟ್ಟಣಕ್ಕೆ ನುಗ್ಗಿ ಆ ಕಾರ್ಖಾನೆಯನ್ನೇ ವಶಕ್ಕೆ ತಗೊಂಡಿತು. ಕತೆ ಕಟ್ಟಿದ್ದಲ್ಲ ಸ್ವಾಮಿ, ಹೀಗೇ ನಡೆದದ್ದು.

ಅವನು ಮಾಡಿದ ಯಂತ್ರ ಸರಳ. ಸರಳವಾದ್ದರಿಂದ ನಕಲು ಸುಲಭ. ಸ್ಪೇನಿನವರು ನಕಲು ಮಾಡಿದರು. ಬಿಹಾರದ ಮುಂಗೇರ್‌ನ ಕಳ್ಳ ಕುಲುಮೆಗಳಲ್ಲಿ ಇವತ್ತಿಗೂ 7.65 ಪಿಸ್ತೂಲು ತಯಾರಾಗುತ್ತವೆ. 1948ರ ಜನವರಿ 30ರಂದು ಗಾಂಧೀಜಿಗೆ ಹೊಡೆದ ಪಿಸ್ತೂಲು ಇಟಲಿಯ ಬೆರೆಟ್ಟಾ, ಆದರೆ ಅದರೊಳಗಿನ 9 ಮಿಲಿಮೀಟರ್ ಗಿಡ್ಡ ತೋಟಾ 1908ರಲ್ಲಿ ಬ್ರೌನಿಂಗ್ ರೂಪಿಸಿದ್ದು. ನಮ್ಮ ರಾಜ್ಯದಲ್ಲೇ ನೋಡಿ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರು ತಮ್ಮ ಮನೆ ಬಾಗಿಲಲ್ಲೇ ಬಿದ್ದದ್ದು 7.65 ಮಿಲಿಮೀಟರ್ ನಾಡಪಿಸ್ತೂಲಿನ ಗುಂಡಿಗೆ. ಎರಡೂ ಕಡೆ ಒಂದೇ ಪಿಸ್ತೂಲು ಅಂತ ವಿಧಿವಿಜ್ಞಾನದವರ ವರದಿ ಹೇಳಿತು. ಬಾಗಿಲು ತೆರೆದವರಿಗೂ ಗೇಟಿನ ಹತ್ತಿರ ಬಂದವರಿಗೂ ಎದುರಿನವನ ಬಟ್ಟೆಯೊಳಗೆ ಏನಿದೆ ಅಂತ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ಇರಬೇಕು ಅನ್ನುವುದೇ ತಾನೆ ಆ ಪಿಸ್ತೂಲಿನ ಗುಣ. ಆಜಾದರಿಗೆ ಒದಗಿದ್ದೂ ಅದೇ ಗುಣ.

ಬ್ರೌನಿಂಗ್ ಈ ಬಗ್ಗೆ ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ. ಅವನಿಗೆ ಕೆಲಸವೇ ಲೋಕ. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅವನ ಮೆಷಿನ್‌ಗನ್ನುಗಳ ಹಕ್ಕಿಗೆ ಸರ್ಕಾರ ಏಳೂವರೆ ಲಕ್ಷ ಡಾಲರ್ ಕೊಡುತ್ತೇವೆಂದಿತು. ಒಂದೊಂದು ಬಂದೂಕಿಗೆ ಇಷ್ಟು ಅಂತ ಗೌರವಧನ ಕೇಳಿದ್ದರೆ ಕೋಟಿ ಡಾಲರ್ ದಾಟುತ್ತಿತ್ತು. ಚೌಕಾಸಿ ಮಾಡದೆ ಒಪ್ಪಿಬಿಟ್ಟ. ಮಗ ವ್ಯಾಲ್ ಅಪ್ಪನದೇ ಬಂದೂಕು ಹಿಡಿದು ಫ್ರಾನ್ಸಿನ ರಣರಂಗಕ್ಕೆ ಹೋದ. ಹಕ್ಕಿ ಹೊಡೆಯಲು ಜೊತೆಗಿದ್ದ ತಮ್ಮ ಮ್ಯಾಟ್ 1923ರಲ್ಲಿ ತೀರಿಕೊಂಡ. ಲೆಕ್ಕಪತ್ರ, ವ್ಯವಹಾರ ಎಲ್ಲ ಅವನದೇ ಆಗಿತ್ತು. ಅಣ್ಣನಿಗೆ ಅದು ದೊಡ್ಡ ಏಟು.

ಎಪ್ಪತ್ತು ದಾಟಿದ ಮೇಲೂ ಹಡಗು ಹತ್ತಿ ಬೆಲ್ಜಿಯಂಗೆ ಹೋಗುವುದನ್ನು ಬಿಡಲಿಲ್ಲ. 1926ರ ನವೆಂಬರ್ 26ರಂದು ಹೆರ್ಸ್ಟಾಲಿನ ಕಾರ್ಖಾನೆಯಲ್ಲಿ ಎಂದಿನಂತೆ ಕೆಲಸದ ಮೇಜಿನ ಹತ್ತಿರ ಇದ್ದವನಿಗೆ ಎದೆನೋವು ಬಂತು. ಮಗನ ಕಚೇರಿಯಲ್ಲಿ ಮಲಗಿಸಿದರು. ಅಲ್ಲೇ ಪ್ರಾಣ ಹೋಯಿತು. ದೇಹವನ್ನು ಹಡಗಿನಲ್ಲಿ ತಂದು ಓಗ್ಡನ್‌ನಲ್ಲಿ ಮಣ್ಣು ಮಾಡಿದರು.

ಆಗ ಅವನ ಕೈಯಲ್ಲಿದ್ದದ್ದು 9 ಮಿಲಿಮೀಟರ್ ಪಿಸ್ತೂಲೊಂದರ ಕೆಲಸ. ಶಿಷ್ಯ ಸೈವ್ ಎಂಬಾತ ಅದನ್ನು ಮುಗಿಸಿದ, 1935ರಲ್ಲಿ ಹೊರಬಂತು. ಅದರದೇ ಪೀಳಿಗೆಯದು ಬಂಗಾಳದ ಇಚ್ಛಾಪುರ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೈನ್ಯದ ಅಧಿಕಾರಿಗಳ, ಎಷ್ಟೋ ಪೊಲೀಸರ ಸೊಂಟಕ್ಕೆ ಬಂತು. ಅದು ಹೋಲ್‌ಸ್ಟರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರುತ್ತೆ.

ನಮ್ಮ ಮಿತ್ರರು ಹಾಸನದಿಂದ ಅರ್ಜಿ ಫಾರಂ ತರಿಸಿಕೊಂಡಿದ್ದಾರೆ. ನಿನ್ನೆ ಅಂಗಡಿಗೆ ಹೋದಾಗ ಗಲ್ಲಾಪೆಟ್ಟಿಗೆಯ ಮೇಲೆ ಇತ್ತು. ಹೆಸರು, ಊರು ಬರೆದಿದ್ದಾರೆ. ಕಾರಣದ ಜಾಗ ಇನ್ನೂ ತುಂಬಿಲ್ಲ.